ಹಳೆಯ ಧಾಟಿ, ಹೊಸ ಪ್ರಾರ್ಥನೆ

(ನಮ್ಮ ದೇವಾಲಯದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ಗಾಯನ ವೃಂದಗಳ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಗಾಯನ ವೃಂದದ ಬೀರುವಿನಲ್ಲಿ ಒಂದು ಕೈಬರಹದ ಪುಸ್ತಕವಿದೆ. ಕಂದು ಕಾಗದದ ಹೊದಿಕೆ, ಅಲ್ಲಲ್ಲಿ ಮೇಣದ ಕಲೆ, ಅಂಚು ಸವೆದ ಹಾಳೆಗಳು. ನಾಲ್ಕಾರು ಕೈಗಳ ಅಕ್ಷರ ಅದರಲ್ಲಿದೆ. ಶತಮಾನೋತ್ಸವ ಸಮಿತಿಯವರು ಈ ಪುಸ್ತಕವನ್ನು ಅಚ್ಚು ಹಾಕಿಸಬೇಕೆಂದು ನಿಶ್ಚಯಿಸಿ, ಹಾಡುಗಳನ್ನು ಪರಿಶೀಲಿಸುವ ಕೆಲಸವನ್ನು ನಮಗೆ ಒಪ್ಪಿಸಿದರು. ಸುಲಭದ ಕೆಲಸವೆಂದು ತಿಳಿದು ಒಪ್ಪಿಕೊಂಡೆವು. ಪುಸ್ತಕವನ್ನು ತೆರೆದಮೇಲೆ ತಿಳಿಯಿತು, ಇದು ನಮ್ಮ ನಿದ್ದೆಗೆಡಿಸುವ ಕೆಲಸವೆಂದು.

ಕಾರಣವಿಷ್ಟೆ. ಅನೇಕ ಹಾಡುಗಳ ತಲೆಯ ಮೇಲೆ, ಬಲಗಡೆಯ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ ‘ಧಾಟಿ’ ಎಂದು ಬರೆದು ಅದರ ಮುಂದೆ ಒಂದು ಚಲನಚಿತ್ರ ಗೀತೆಯ ಮೊದಲ ಮಾತನ್ನು ಬರೆದಿದೆ. ಕೆಲವಕ್ಕೆ ಕನ್ನಡ ಚಿತ್ರದ ಹಾಡು, ಕೆಲವಕ್ಕೆ ಹಿಂದಿಯದು, ಎರಡು ಮೂರಕ್ಕೆ ಇಂಗ್ಲಿಷಿನ ಹಳೆಯ ಪಾಪ್ ಹಾಡು. ಇವನ್ನು ಅಚ್ಚು ಮಾಡುವುದೇ, ಬಿಡುವುದೇ? ಮಾಡಿದರೆ ಆ ಧಾಟಿಯ ಸಾಲನ್ನು ಉಳಿಸುವುದೇ, ಅಳಿಸುವುದೇ? ಹಿರಿಯರಲ್ಲಿ ಕೆಲವರು, ‘ದೇವರ ಮನೆಗೆ ಸಿನಿಮಾ ಏಕೆ? ಅವನ್ನೆಲ್ಲ ತೆಗೆದುಹಾಕಿ’ ಎಂದರು. ಯುವಕರು, ‘ಜನ ಬಾಯಿ ಬಿಟ್ಟು ಹಾಡುವುದು ಅವನ್ನೇ, ಇನ್ನೂ ನಾಲ್ಕು ಸೇರಿಸಿ’ ಎಂದರು. ಒಂದು ಸಂಜೆ ಈ ಮಾತು ಏರುದನಿಗೆ ಹೋಗಿ, ತಬಲ ಬಾರಿಸುವ ಹುಡುಗ ತಬಲವನ್ನು ಅಲ್ಲಿಯೇ ಬಿಟ್ಟು ಮನೆಗೆ ನಡೆದ. ಆತ ಮರುವಾರ ಬಂದನೆಂಬುದು ಸಂತೋಷದ ವಿಷಯ. ಆದರೆ ಪ್ರಶ್ನೆ ಹಾಗೆಯೇ ಉಳಿಯಿತು. ಅದನ್ನು ಕುರಿತು ಈ ಕೂಟದಲ್ಲಿ ಅರ್ಧ ಗಂಟೆ ಮಾತನಾಡಬೇಕೆಂದು ಗುರುಗಳು ಅಪ್ಪಣೆ ಕೊಡಿಸಿದ್ದಾರೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ: ಈ ವಿಚಾರದಲ್ಲಿ ನಾವು ನ್ಯಾಯಾಧೀಶರಲ್ಲ, ಆಪಾದಿತರು. ಆ ಪುಸ್ತಕದ ಕೆಲವು ಹಾಡುಗಳು ನಮ್ಮವೇ.

‘ಧಾಟಿ’, ‘ಮಟ್ಟು’ ಎಂಬ ಮಾತುಗಳು ಕನ್ನಡಿಗರಿಗೆ ಹೊಸವಲ್ಲ. ಕಂಪನಿ ನಾಟಕದ ಪದ್ಯಗಳ ಪುಸ್ತಕಗಳನ್ನು ಬಲ್ಲವರು ‘ಎಂಬ ಮಟ್ಟಿನಂತೆ’ ಎಂಬ ಸೂಚನೆಯನ್ನು ಕಂಡೇ ಇರುತ್ತಾರೆ. ಮರಾಠಿ ರಂಗಗೀತೆಯ ಮಟ್ಟು ಕನ್ನಡದ ಹರಿಶ್ಚಂದ್ರನ ಬಾಯಲ್ಲಿ ಅಳಲಾಗಿ ಹೊರಟರೆ ಯಾರೂ ಆಕ್ಷೇಪಿಸಲಿಲ್ಲ. ನಮ್ಮ ಚಿತ್ರದುರ್ಗ ಸೀಮೆಯ ಹೆಣ್ಣುಮಕ್ಕಳ ಸೋಬಾನೆ ಪದಗಳನ್ನೇ ನೋಡಿ. ಒಂದೇ ಧಾಟಿಯಲ್ಲಿ ಮದುವೆಯ ಹಾಡು, ಬೀಗರ ಹಾಡು, ತವರಿನ ಹಾಡು ಎಲ್ಲವೂ ಬರುತ್ತವೆ. ಅಲ್ಲಿ ಧಾಟಿ ಯಾರೊಬ್ಬರ ಸೊತ್ತೂ ಅಲ್ಲ. ಅದು ಊರ ಬಾವಿ. ಯಾರು ಬೇಕಾದರೂ ತಮ್ಮ ಕೊಡವನ್ನು ಇಳಿಸಬಹುದು.

ಸಿರಿಗೆರೆಯ ಮಗ್ಗುಲಲ್ಲಿ ಬಾಳುವ ನಮಗೆ ಇನ್ನೊಂದು ಉದಾಹರಣೆ ಕಣ್ಣೆದುರಿಗೇ ಇದೆ. ತರಳಬಾಳು ಬೃಹನ್ಮಠದ ಸಭೆಗಳಲ್ಲಿ, ತರಳಬಾಳು ಹುಣ್ಣಿಮೆಯ ದಿನಗಳಲ್ಲಿ, ಸಾಣೇಹಳ್ಳಿಯ ರಂಗಮಂದಿರದಲ್ಲಿ ವಚನಗಳನ್ನು ಹಾಡುವುದನ್ನು ನಾವೆಲ್ಲ ಕೇಳಿದ್ದೇವೆ. ವಚನಗಳು ಹಾಡುಗಳಾಗಿ, ರಾಗತಾಳಗಳ ಕಟ್ಟಿನೊಳಗೆ ಹುಟ್ಟಿದವಲ್ಲ. ಹನ್ನೆರಡನೆಯ ಶತಮಾನದ ಆ ಗದ್ಯದ ಲಯಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮುಂತಾದವರು ಹಿಂದೂಸ್ತಾನಿ ರಾಗಗಳನ್ನು ತೊಡಿಸಿದರು. ಆ ರಾಗಗಳಲ್ಲಿ ಅರಮನೆಯ ದರಬಾರಿನ ಠುಮರಿಯೂ ಹಾಡಿದೆ, ಶೃಂಗಾರವೂ ಹಾಡಿದೆ. ಆದರೂ ವಚನವನ್ನು ಕೇಳುವಾಗ ದರಬಾರು ನೆನಪಾಗುವುದಿಲ್ಲ. ಏಕೆ ನೆನಪಾಗುವುದಿಲ್ಲ ಎಂಬುದರಲ್ಲಿಯೇ ನಮ್ಮ ಪ್ರಶ್ನೆಯ ಅರ್ಧ ಉತ್ತರವಿದೆ ಎಂದು ನಮಗೆ ತೋರುತ್ತದೆ. ಅದಕ್ಕೆ ಮುಂದೆ ಬರುತ್ತೇವೆ.

ಈಗ ಪವಿತ್ರ ಬೈಬಲನ್ನೇ ತೆರೆಯೋಣ. ಕೀರ್ತನೆಗಳ ಗ್ರಂಥದಲ್ಲಿ ಅನೇಕ ಕೀರ್ತನೆಗಳಿಗೆ ಮುಂಚೆ ಒಂದು ಸಣ್ಣ ಶೀರ್ಷಿಕೆಯಿದೆ. ಓದುವಾಗ ನಾವು ಅದನ್ನು ದಾಟಿಕೊಂಡು ಹೋಗುತ್ತೇವೆ. 22ನೆಯ ಕೀರ್ತನೆಯ ಶೀರ್ಷಿಕೆಯಲ್ಲಿ ಅರುಣೋದಯದ ಜಿಂಕೆಯ ಹೆಸರಿದೆ. 56ನೆಯದರಲ್ಲಿ ಒಂದು ಪಾರಿವಾಳದ ಮಾತಿದೆ. 45, 69, 80ನೆಯ ಕೀರ್ತನೆಗಳ ಮೇಲೆ ನೆಲದಾವರೆಗಳ ಹೆಸರಿದೆ. ಕೀರ್ತನೆಯ ವಿಷಯಕ್ಕೂ ಈ ಜಿಂಕೆ ಪಾರಿವಾಳಗಳಿಗೂ ಸಂಬಂಧವಿಲ್ಲ. ಇವು ಅಂದಿನ ಜನರಿಗೆ ಗೊತ್ತಿದ್ದ ಹಾಡುಗಳ ಹೆಸರುಗಳು, ಅಂದರೆ ಧಾಟಿಯ ಸೂಚನೆಗಳು, ಎಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ನಮ್ಮ ಪುಸ್ತಕದ ಬಲಮೂಲೆಯ ಸಣ್ಣ ಅಕ್ಷರದ ಹಾಗೆಯೇ! ಪ್ರಭು ಯೇಸು ಶಿಲುಬೆಯ ಮೇಲೆ ಉಸುರಿದ್ದು ಆ 22ನೆಯ ಕೀರ್ತನೆಯ ಮೊದಲ ಮಾತನ್ನು. ಜಿಂಕೆಯ ಹಾಡು ಯಾವುದಿತ್ತೋ, ಅದನ್ನು ಯಾರು ಹಾಡುತ್ತಿದ್ದರೋ! ಹಾಡು ಅಳಿದುಹೋಯಿತು, ಕೀರ್ತನೆ ಉಳಿಯಿತು.

ಯೂರೋಪಿನ ಧರ್ಮಸಭೆಯ ಚರಿತ್ರೆಯಲ್ಲಿ ಈ ಜಗಳ ಬಹಳ ಹಳೆಯದು. ಹದಿನೈದನೆಯ ಶತಮಾನದಲ್ಲಿ ‘ಆಯುಧಪಾಣಿ’ ಎಂಬ ಅರ್ಥದ ಒಂದು ಫ್ರೆಂಚ್ ಲೌಕಿಕ ಗೀತೆಯ ಸ್ವರವನ್ನು ತಳಹದಿಯಾಗಿಟ್ಟು ಹಲವಾರು ಸಂಗೀತಗಾರರು ಬಲಿಪೂಜೆಯ ಸಂಗೀತವನ್ನು ರಚಿಸಿದರು. ಇಂತಹ ಬೆರಕೆ ಅತಿಯಾಯಿತೆಂಬ ದೂರು ಕೇಳಿಬಂದು, ಟ್ರೆಂಟ್ ಮಹಾಸಭೆಯು 1562ರಲ್ಲಿ, ಕಾಮುಕವೂ ಅಶುದ್ಧವೂ ಆದ ಯಾವ ಸಂಗೀತವೂ ದೇವಾಲಯದೊಳಗೆ ಬರಕೂಡದೆಂದು ವಿಧಿಸಿತು. ಆದರೂ ಬೆರಕೆ ನಿಲ್ಲಲಿಲ್ಲ. ಜರ್ಮನಿಯ ಹಾನ್ಸ್ ಲಿಯೋ ಹಾಸ್ಲರ್ 1601ರಲ್ಲಿ ಪ್ರಕಟಿಸಿದ ಒಂದು ಹಾಡು, ತರುಣಿಯೊಬ್ಬಳಿಂದ ಮನಸ್ಸು ಕದಡಿಹೋದ ಪ್ರೇಮಿಯ ಹಾಡು. ಅದೇ ಸ್ವರ ಅದೇ ಶತಮಾನದಲ್ಲಿ ಮುಳ್ಳಿನ ಕಿರೀಟ ಧರಿಸಿದ ಪ್ರಭುವಿನ ಶಿರಸ್ಸನ್ನು ಕುರಿತ ಹಾಡಿಗೆ ಬಂತು. ಆಮೇಲೆ ಬಾಖ್ ಮಹಾಶಯನ ಮತ್ತಾಯನ ಶುಭಸಂದೇಶದ ಯಾತನಾ ಸಂಗೀತದಲ್ಲಿ ಮತ್ತೆ ಮತ್ತೆ ಕೇಳಿಬಂತು. ಇಂದು ತಪಸ್ಸುಕಾಲದಲ್ಲಿ ಅದನ್ನು ಕೇಳಿ ಕಣ್ಣೀರಿಡುವವರಿಗೆ ಆ ತರುಣಿಯ ನೆನಪಿಲ್ಲ. ತಮಾಷೆಯೆಂದರೆ, 1973ರಲ್ಲಿ ಪಾಲ್ ಸೈಮನ್ ಎಂಬ ಅಮೆರಿಕದ ಗಾಯಕ ಅದೇ ಸ್ವರವನ್ನು ಮತ್ತೆ ಲೋಕಕ್ಕೆ ಎಳೆದುಕೊಂಡು ತನ್ನ ದೇಶದ ದಣಿವಿನ ಹಾಡಾಗಿ ಮಾಡಿದ. ಹೋದ ಸೊಸೆ ತವರಿಗೆ ಬಂದಂತೆ. ಸಾಲ್ವೇಶನ್ ಆರ್ಮಿಯವರಂತೂ ಇಂಗ್ಲೆಂಡಿನ ಹೆಂಡದಂಗಡಿಗಳ ಹಾಡುಗಳನ್ನು ನೇರವಾಗಿ ಎತ್ತಿಕೊಂಡು ಬೀದಿಯಲ್ಲಿ ದೇವರ ಹಾಡಾಗಿ ಹಾಡಿದರು. ಒಳ್ಳೆಯ ಸ್ವರಗಳನ್ನೆಲ್ಲ ಸೈತಾನನಿಗೇಕೆ ಬಿಡಬೇಕು ಎಂಬುದು ಅವರ ವಾದ.

ನಮ್ಮ ದೇಶದಲ್ಲಿಯೂ ಈ ಕೊಡುಕೊಳುಗೆ ನಡೆದಿದೆ. ಇಂಗ್ಲೆಂಡಿನಿಂದ ಬಂದ ಯೇಸುಸಭೆಯ ಗುರು ತೋಮಸ್ ಸ್ಟೀಫನ್ಸರು 1616ರಲ್ಲಿ ಗೋವೆಯ ರಾಚೋಲಿನಲ್ಲಿ ಅಚ್ಚು ಮಾಡಿಸಿದ ‘ಕ್ರಿಸ್ತಪುರಾಣ’ದಲ್ಲಿ ಸುಮಾರು 11,000 ಓವಿಗಳಿವೆ. ಓವಿ ಎಂದರೆ ಜ್ಞಾನೇಶ್ವರಿಯ ಛಂದಸ್ಸು. ಮರಾಠಿ ಹೆಂಗಸರು ಬೀಸುವ ಕಲ್ಲಿನ ಮುಂದೆ ಹಾಡಿಕೊಳ್ಳುವ ಧಾಟಿ. ಮಂಗಳೂರಿನ ಬಾಸೆಲ್ ಮಿಶನ್ನಿನವರು ಜರ್ಮನ್ ರಾಗಗಳಿಗೆ ಕನ್ನಡ ಮಾತುಗಳನ್ನು ಕೂರಿಸಿ ಹಾಡಿಸಿದರು. ಅವರಲ್ಲಿಯೇ ಒಬ್ಬರಾಗಿದ್ದ, 1894ರಲ್ಲಿ ಮಹಾನಿಘಂಟನ್ನು ಕೊಟ್ಟ ಕಿಟ್ಟೆಲರು ಮಾತ್ರ ತಿರುಗಿ ನಡೆದರು. ‘ಕಥಾಮಾಲೆ’ಯಲ್ಲಿ ಕ್ರಿಸ್ತರ ಚರಿತ್ರೆಯನ್ನು ಅವರು ನಮ್ಮ ನೆಲದ ಹಾಡುಗಾರಿಕೆಗೆ ಒಗ್ಗುವ ಪದ್ಯದಲ್ಲಿ ಹೇಳಿದರು. ಇನ್ನು ಹಿಂದೂ ಸಹೋದರರ ಕಡೆಯಿಂದ ಒಂದು ನಿದರ್ಶನ. ಕರ್ನಾಟಕ ಸಂಗೀತದ ತ್ರಿಮೂರ್ತಿಗಳಲ್ಲಿ ಒಬ್ಬರಾದ ಮುತ್ತುಸ್ವಾಮಿ ದೀಕ್ಷಿತರು (1775–1835) ಇಂಗ್ಲಿಷ್ ಪಡೆಗಳ ಬ್ಯಾಂಡಿನ ಸ್ವರಗಳಿಗೆ ಸಂಸ್ಕೃತದಲ್ಲಿ ದೇವತಾಸ್ತುತಿಗಳನ್ನು ಬರೆದರು. ಇವಕ್ಕೆ ನೊಟ್ಟುಸ್ವರ ಸಾಹಿತ್ಯವೆಂದು ಹೆಸರು. ಇಂಗ್ಲೆಂಡಿನ ರಾಷ್ಟ್ರಗೀತೆಯ ಸ್ವರವೇ ಅವರ ಕೈಯಲ್ಲಿ ದೇವಿಯ ಸ್ತುತಿಯಾಗಿದೆ. ದೊರೆಯನ್ನು ಹರಸುವ ಸ್ವರದಲ್ಲಿ ದೇವಿಯನ್ನು ಕರೆದ ಆ ಧೈರ್ಯಕ್ಕೆ ನಾವು ತಲೆಬಾಗುತ್ತೇವೆ.

ಇಷ್ಟು ಪೀಠಿಕೆಯಾದ ಮೇಲೆ ನಮ್ಮ ಯುವಕರು ಕೇಳುವ ಹಳೆಯ ರಾಕ್ ಮತ್ತು ಪಾಪ್ ಹಾಡುಗಳಿಗೆ ಬರೋಣ.

1992ರ ‘ಸಿಸ್ಟರ್ ಆಕ್ಟ್’ ಎಂಬ ಚಲನಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಅದರಲ್ಲಿ ಮಠದ ಭಗಿನಿಯರು 1964ರಲ್ಲಿ ಮೇರಿ ವೆಲ್ಸ್ ಹಾಡಿದ್ದ ಒಂದು ಪ್ರಣಯಗೀತೆಯಲ್ಲಿ ಪ್ರಿಯತಮನಿದ್ದ ಜಾಗಕ್ಕೆ ದೇವರನ್ನು ತಂದು ಹಾಡುತ್ತಾರೆ. ಕಡೆಯಲ್ಲಿ ಹಾಡುವುದು 1963ರಲ್ಲಿ ಪೆಗ್ಗಿ ಮಾರ್ಚ್ ಎಂಬ ಹುಡುಗಿ ಹಾಡಿ ಪ್ರಸಿದ್ಧಿಗೆ ತಂದ ಹಾಡು. ಅವನನ್ನು ಹಿಂಬಾಲಿಸುತ್ತೇನೆ ಎಂಬುದು ಅದರ ಸಾರ. ಅಲ್ಲಿ ಮಾತುಗಳನ್ನು ಬದಲಿಸುವ ಅಗತ್ಯವೇ ಬರಲಿಲ್ಲ. ಹಾಡುವವರು ಬದಲಾದರು, ‘ಅವನು’ ಯಾರೆಂಬುದು ತಾನಾಗಿಯೇ ಬದಲಾಯಿತು. ಆದರೆ ಇದು ಚಲನಚಿತ್ರ. ನಗಿಸುವುದು ಅದರ ಉದ್ದೇಶ. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಅಪಾಲಜೆಟಿಕ್ಸ್ ಎಂಬ ತಂಡವೊಂದು ಹಳೆಯ ರಾಕ್ ಹಾಡುಗಳಿಗೆಲ್ಲ ಬೈಬಲಿನ ಮಾತುಗಳನ್ನು ತುಂಬಿ ಹಾಡುವುದನ್ನೇ ಕಸುಬಾಗಿ ಮಾಡಿಕೊಂಡಿದೆ. ಮೂಲದ ಪ್ರಾಸಕ್ಕೆ ಪ್ರಾಸ, ಶಬ್ದಕ್ಕೆ ಶಬ್ದ ಹೊಂದಿಸುವ ಅವರ ಚಾತುರ್ಯ ಮೆಚ್ಚಬೇಕಾದದ್ದೇ. ಅದು ಕಚೇರಿಯ ಮೇಜಿನ ಮೇಲೆ ಚೆನ್ನ. ಪೀಠದ ಮುಂದೆ ಅದನ್ನು ಕೇಳಿದರೆ ನಮ್ಮ ಮನಸ್ಸು ಪ್ರಾರ್ಥಿಸುವುದಿಲ್ಲ, ಪ್ರಾಸವನ್ನು ಹೋಲಿಸುತ್ತ ಕುಳಿತುಕೊಳ್ಳುತ್ತದೆ.

ಸ್ಪೇನ್ ಮತ್ತು ದಕ್ಷಿಣ ಅಮೆರಿಕದ ದೇವಾಲಯಗಳ ಕಥೆ ಬೇರೆ. ಸೈಮನ್ ಮತ್ತು ಗಾರ್ಫಂಕಲ್ ಜೋಡಿಯ, 1965ರಲ್ಲಿ ಹೆಸರಾದ ‘ಸೌಂಡ್ ಆಫ್ ಸೈಲೆನ್ಸ್’ ಗೀತೆಯ ಧಾಟಿಯಲ್ಲಿ ಅಲ್ಲಿನ ಯುವಕರು ಪರಲೋಕ ಮಂತ್ರವನ್ನು ಹಾಡುತ್ತ ಬಂದಿದ್ದಾರೆ. ಬಾಬ್ ಡಿಲನ್ನನ ‘ಬ್ಲೋಯಿಂಗ್ ಇನ್ ದ ವಿಂಡ್’ ಧಾಟಿ ಕಾಣಿಕೆಯ ಹಾಡಾಗಿದೆ. ಇದೇ ಡಿಲನ್ 1997ರ ಸೆಪ್ಟೆಂಬರಿನಲ್ಲಿ ಇಟಲಿಯ ಬೊಲೋನ್ಯದ ಪರಮಪ್ರಸಾದ ಸಮ್ಮೇಳನದಲ್ಲಿ ಸಂತ ಎರಡನೆಯ ಜಾನ್ ಪೌಲರ ಮುಂದೆ ಹಾಡಿದ. ಪೋಪರು ತಮ್ಮ ಪ್ರವಚನದಲ್ಲಿ ಆ ಗೀತೆಯ ಗಾಳಿಯನ್ನೇ ಹಿಡಿದು, ಉತ್ತರವಿರುವುದು ಪವಿತ್ರಾತ್ಮರ ಗಾಳಿಯಲ್ಲಿ ಎಂಬರ್ಥದ ಮಾತನಾಡಿದರು. ಮುಂದೆ ಹದಿನಾರನೆಯ ಬೆನೆಡಿಕ್ಟರಾದ ಕಾರ್ಡಿನಲ್ ರಾಟ್ಜಿಂಗರಿಗೆ ಇಂತಹ ಗಾಯಕರನ್ನು ಅಲ್ಲಿಗೆ ಕರೆಸಿದ್ದು ಅಷ್ಟು ಸಮಾಧಾನ ಕೊಟ್ಟಿರಲಿಲ್ಲವೆಂದು ಅವರೇ ಆಮೇಲೆ ಬರೆದಿದ್ದಾರೆ. ಆರಾಧನೆಯ ಸ್ವರೂಪವನ್ನು ಕುರಿತ ತಮ್ಮ ಗ್ರಂಥದಲ್ಲಿ (2000) ರಾಕ್ ಸಂಗೀತವನ್ನು ಅವರು ಕಟುವಾಗಿಯೇ ವಿಮರ್ಶಿಸಿದ್ದಾರೆ. ಇಬ್ಬರೂ ಪೋಪರಾದವರು, ಇಬ್ಬರೂ ಪ್ರಾರ್ಥನೆಯಲ್ಲಿ ಮುಳುಗಿದವರು. ಅವರಲ್ಲಿಯೇ ಭಿನ್ನಾಭಿಪ್ರಾಯವಿದ್ದ ಮೇಲೆ ನಮ್ಮ ತಬಲದ ಹುಡುಗನೂ ನಮ್ಮ ಹಿರಿಯರೂ ಜಗಳವಾಡಿದ್ದು ದೊಡ್ಡ ಅಪರಾಧವಲ್ಲ.

2014ರಲ್ಲಿ ಐರ್ಲೆಂಡಿನ ಗುರು ರೇ ಕೆಲ್ಲಿಯವರು ಒಂದು ಮದುವೆಯ ಪೂಜೆಯಲ್ಲಿ ಲೆನಾರ್ಡ್ ಕೋಹೆನ್ನನ 1984ರ ‘ಹಲ್ಲೆಲೂಯ’ ಹಾಡಿಗೆ ವಧೂವರರ ಹೆಸರು ಸೇರಿಸಿ ಬೇರೆ ಮಾತು ಹಾಡಿದ್ದನ್ನು ನಮ್ಮ ಯುವಕರೆಲ್ಲ ಮೊಬೈಲಿನಲ್ಲಿ ನೋಡಿದ್ದಾರೆ. ಆಮೇಲೆ ನಮ್ಮಲ್ಲಿಯೂ ಎರಡು ಮದುವೆಗಳಲ್ಲಿ ಅದನ್ನು ಹಾಡಬೇಕೆಂಬ ಬೇಡಿಕೆ ಬಂತು.

ಆದರೆ ಇವೆಲ್ಲಕ್ಕಿಂತ ನಮ್ಮ ಮನಸ್ಸಿಗೆ ಹತ್ತಿರವಾದದ್ದು ಬೋನಿ ಎಂ ತಂಡದ ಹಾಡು. 1978ರಲ್ಲಿ ಅವರು ಹಾಡಿದ ‘ರಿವರ್ಸ್ ಆಫ್ ಬ್ಯಾಬಿಲಾನ್’ ಕ್ಯಾಸೆಟ್ಟಿನ ಮೂಲಕ ನಮ್ಮ ಊರಿಗೂ ಬಂತು. ಅದನ್ನು ಕುಣಿಯುವ ಹಾಡೆಂದೇ ನಾವು ತಿಳಿದಿದ್ದೆವು. ಅದರ ಮಾತುಗಳು 137ನೆಯ ಕೀರ್ತನೆಯವು ಎಂದು ತೋರಿಸಿಕೊಟ್ಟವರು ಆಗಿನ ನಮ್ಮ ಗುರುಗಳು. ಬಾಬಿಲೋನಿಗೆ ಸೆರೆಯಾಗಿ ಹೋದವರನ್ನು, ನಿಮ್ಮ ಊರಿನ ಹಾಡು ಹಾಡಿರಿ ಎಂದು ಸೆರೆಹಿಡಿದವರೇ ಪೀಡಿಸುತ್ತಾರೆ. ಪರದೇಶದಲ್ಲಿ ಪ್ರಭುವಿನ ಹಾಡನ್ನು ಹೇಗೆ ಹಾಡುವುದು ಎಂದು ಅವರು ಕೊರಗುತ್ತಾರೆ. ಅದನ್ನು 1970ರಲ್ಲಿ ಜಮೈಕದ ಮೆಲೋಡಿಯನ್ಸ್ ಎಂಬವರು, ಆಫ್ರಿಕದಿಂದ ಗುಲಾಮರಾಗಿ ಒಯ್ಯಲ್ಪಟ್ಟವರ ಮಕ್ಕಳು, ತಮ್ಮದೇ ದುಃಖವಾಗಿ ಹಾಡಿದರು. ಜಮೈಕದಿಂದ ಜರ್ಮನಿಗೆ, ಜರ್ಮನಿಯಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ನಮ್ಮ ಟೇಪ್ ರೆಕಾರ್ಡರಿಗೆ! ನಮ್ಮ ಯುವಕರು ಅದೇ ಧಾಟಿಯಲ್ಲಿ ಕೀರ್ತನೆಯ ಕನ್ನಡ ಮಾತನ್ನು ಕೂರಿಸಿದಾಗ ಅದನ್ನು ಸಿನಿಮಾ ಹಾಡೆಂದು ಬೈದವರಿದ್ದರು. ಬೈಬಲಿನಿಂದ ಹೊರಟದ್ದು ಬೈಬಲಿಗೇ ಹಿಂದಿರುಗಿತು ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. ನಮ್ಮ ಬಾಯಿಂದಲೂ ಬರಲಿಲ್ಲ.

ಈಗ ನಮ್ಮ ತಪ್ಪಿನ ವಿಷಯ.

ಎಂಬತ್ತರ ದಶಕದ ಆರಂಭದಲ್ಲಿ ಒಂದು ಕನ್ನಡ ಚಿತ್ರದ ಯುಗಳಗೀತೆ ಎಲ್ಲ ಹೋಟೆಲುಗಳ ಧ್ವನಿವರ್ಧಕದಲ್ಲಿಯೂ ಮೊಳಗುತ್ತಿತ್ತು. ಹೆಸರು ಬೇಡ, ಹೇಳಿದರೆ ಇಲ್ಲಿಯೇ ನಾಲ್ಕು ಜನ ಗುನುಗತೊಡಗುವಿರಿ. ಸ್ವರ ಬಹಳ ಇಂಪಾಗಿತ್ತು. ಟೇಪ್ ರೆಕಾರ್ಡರನ್ನು ಎರವಲು ತಂದು, ಸಾಲು ಸಾಲಾಗಿ ಹಿಂದಕ್ಕೆ ಸುತ್ತಿ ಕೇಳಿ, ಆ ಧಾಟಿಗೆ ಪರಮಪ್ರಸಾದ ಸ್ವೀಕಾರದ ಹಾಡೊಂದನ್ನು ನಾವು ಬರೆದೆವು. ಭಕ್ತಿಯಿಂದಲೇ ಬರೆದೆವು. ಎರಡು ವಾರದಲ್ಲಿ ದೇವಾಲಯವೆಲ್ಲ ಅದನ್ನು ಹಾಡತೊಡಗಿತು. ಪುಸ್ತಕ ನೋಡದೆ ಹಾಡುವ ಜನರನ್ನು ಕಂಡು ನಮಗೆ ಸ್ವಲ್ಪ ಹೆಮ್ಮೆಯೂ ಆಯಿತು ಎಂಬುದನ್ನು ಮುಚ್ಚಿಡಲಾರೆವು.

ಅದೇ ವರ್ಷ ನಮ್ಮ ಧರ್ಮಕೇಂದ್ರದ ಒಬ್ಬ ರೈತರು ತೀರಿಕೊಂಡರು. ಊರಿಗೆ ಬೇಕಾದವರು. ಪೂಜೆಗೆ ಕ್ರೈಸ್ತರಿಗಿಂತ ಹೆಚ್ಚಾಗಿ ಅಕ್ಕಪಕ್ಕದ ಹಳ್ಳಿಗಳ ನಂಟರಿಷ್ಟರು, ಲಿಂಗಾಯತರು, ನಾಯಕರು, ಗೊಲ್ಲರು ಬಂದು ಹಿಂದೆ ನಿಂತಿದ್ದರು. ಪ್ರಸಾದ ಸ್ವೀಕಾರದ ವೇಳೆಗೆ ನಾವು ಆ ಹಾಡನ್ನೇ ಎತ್ತಿಕೊಂಡೆವು. ಹಿಂದಿನ ಸಾಲುಗಳಲ್ಲಿ ತಲೆಗಳು ಎದ್ದವು. ಕೆಲವು ಹುಡುಗರು ಒಬ್ಬರನ್ನೊಬ್ಬರು ನೋಡಿ ನಗು ತಡೆದುಕೊಂಡರು. ಶವಪೆಟ್ಟಿಗೆ ನಡುವೆ ಇತ್ತು. ಸಮಾಧಿಯ ಮಣ್ಣು ಹಾಕಿ ಹಿಂದಿರುಗುವಾಗ ಸತ್ತವರ ಗೆಳೆಯರೊಬ್ಬರು, ವಯಸ್ಸಾದ ಲಿಂಗಾಯತ ಯಜಮಾನರು, ನಮ್ಮ ಬಳಿಗೆ ಬಂದರು. ಕೋಪವಿರಲಿಲ್ಲ, ತಿಳಿಯದೆ ಕೇಳುವವರಂತೆ ಕೇಳಿದರು: ‘ಅಲ್ರೀ, ಸಾವಿನ ಮನೇಲಿ ಆ ಹಾಡು ಯಾಕ್ ಹಾಡಿದ್ರಿ?’ ನಮ್ಮ ಹತ್ತಿರ ಉತ್ತರವಿರಲಿಲ್ಲ. ನಾವು ಹಾಡಿದ ಮಾತು ಕ್ರಿಸ್ತರದು. ಅವರ ಕಿವಿಗೆ ಬಿದ್ದದ್ದು ಮರ ಸುತ್ತುವ ನಾಯಕ ನಾಯಕಿ.

ಸುಮ್ಮನೆ ಆ ಹಾಡನ್ನು ಬಿಟ್ಟುಬಿಟ್ಟೆವು. ಯಾರೂ ಕಾರಣ ಕೇಳಲಿಲ್ಲ. ಹಲವು ವರ್ಷಗಳು ಕಳೆದವು. ಆ ರೈತರ ವಿಧವೆ ಹಾಸಿಗೆ ಹಿಡಿದರು. ಗುರುಗಳು ರೋಗಿಗಳ ಅಭ್ಯಂಗ ಸಂಸ್ಕಾರ ಕೊಡಲು ಹೊರಟಾಗ ನಾವೂ ಜೊತೆಗೆ ಹೋಗಿದ್ದೆವು. ಪ್ರಾರ್ಥನೆ ಮುಗಿದ ಮೇಲೆ ಆ ತಾಯಿ ನಮ್ಮ ಕಡೆಗೆ ತಿರುಗಿ, ‘ನಮ್ಮೆಜಮಾನ್ರು ಹೋದ ದಿನ ಹಾಡಿದ್ರಲ್ಲ, ಆ ಹಾಡು ಹೇಳಪ್ಪ’ ಎಂದರು. ಅವರು ಆಯುಷ್ಯದಲ್ಲಿ ಸಿನಿಮಾ ನೋಡಿದವರಲ್ಲ. ಅವರ ಪಾಲಿಗೆ ಆ ಧಾಟಿಗೆ ಬೇರೆ ಮಾತೇ ಇರಲಿಲ್ಲ. ಅದು ಗಂಡನನ್ನು ದೇವರ ಕೈಗೆ ಒಪ್ಪಿಸಿದ ಹಾಡು. ನಾವು ಹಾಡಿದೆವು. ಎರಡನೆಯ ಚರಣಕ್ಕೆ ಅವರೂ ತುಟಿ ಅಲುಗಿಸಿದರು.

ಈ ಎರಡು ಘಟನೆಗಳಲ್ಲಿ ಯಾವುದನ್ನು ನಂಬುವುದು? ಒಂದೇ ಹಾಡು, ಒಂದೇ ಸಾವು, ಒಬ್ಬರ ಕಿವಿಗೆ ಅಪಹಾಸ್ಯ, ಇನ್ನೊಬ್ಬರ ಎದೆಗೆ ಸಮಾಧಾನ. ಬಹಳ ದಿನ ಯೋಚಿಸಿದ ಮೇಲೆ ನಮಗೆ ಹೊಳೆದದ್ದು ಇದು: ಧಾಟಿಯಲ್ಲಿ ಪಾಪವೂ ಇಲ್ಲ, ಪುಣ್ಯವೂ ಇಲ್ಲ, ನೆನಪಿದೆ. ಮನಸೂರರ ರಾಗ ಕೇಳುವಾಗ ದರಬಾರು ನೆನಪಾಗದಿರುವುದಕ್ಕೆ ರಾಗವು ಒಂದೇ ಹಾಡಿಗೆ ಅಂಟಿಕೊಂಡದ್ದಲ್ಲ ಎಂಬುದೇ ಕಾರಣ. ಹಾಸ್ಲರನ ತರುಣಿ ನೆನಪಾಗದಿರುವುದಕ್ಕೆ ನಾನೂರು ವರ್ಷಗಳು ನಡುವೆ ಬಿದ್ದಿವೆ. ಆದರೆ ನಿನ್ನೆ ಹೋಟೆಲಿನಲ್ಲಿ ಕೇಳಿದ ಹಾಡು ಇಂದು ದೇವಾಲಯಕ್ಕೆ ಬಂದರೆ ತನ್ನ ಹಳೆಯ ಮಾತನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ.

ಧರ್ಮಸಭೆಯ ವಿಧಿಗಳೂ ಇದನ್ನೇ ಕಂಡು ಮಾಡಿದವುಗಳೆಂದು ತೋರುತ್ತದೆ. ಸಂತ ಹತ್ತನೆಯ ಪಿಯುಸರು 1903ರ ನವೆಂಬರ್ 22ರಂದು, ಸಂತ ಸಿಸಿಲಿಯಮ್ಮನವರ ಹಬ್ಬದ ದಿನ, ಹೊರಡಿಸಿದ ಶಾಸನದಲ್ಲಿ ದೇವಾಲಯದ ಸಂಗೀತವು ನಾಟಕಶಾಲೆಯ ಸ್ವರಗಳನ್ನು ನೆನಪಿಗೆ ತರಬಾರದೆಂದು ಹೇಳಿದ್ದಾರೆ. ಗಮನಿಸಿ, ನೆನಪಿಗೆ ತರಬಾರದು ಎಂದು! ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ, ಪ್ರತಿ ನಾಡಿನ ಜನರ ಸ್ವಂತ ಸಂಗೀತ ಸಂಪ್ರದಾಯಕ್ಕೆ ತಕ್ಕ ಗೌರವ ಸಲ್ಲಬೇಕೆಂದೂ, ಹಾಡಿನ ಮಾತುಗಳನ್ನು ಮುಖ್ಯವಾಗಿ ಪವಿತ್ರ ಗ್ರಂಥದಿಂದಲೂ ಆರಾಧನಾ ವಿಧಿಯಿಂದಲೂ ಆರಿಸಿಕೊಳ್ಳಬೇಕೆಂದೂ ತಿಳಿಸಿತು. ಆ ಬಾಗಿಲು ತೆರೆದುದರಿಂದಲೇ 1967ರಲ್ಲಿ ಬೆಂಗಳೂರಿನಲ್ಲಿ ಪೂಜ್ಯ ಅಮಲೋರ್ಪವದಾಸರ ಮುಂದಾಳುತನದಲ್ಲಿ ಆರಂಭವಾದ ರಾಷ್ಟ್ರೀಯ ಕೇಂದ್ರವು ಭಜನೆ, ಆರತಿಗಳನ್ನು ಆರಾಧನೆಗೆ ತರಲು ಶ್ರಮಿಸಿತು. ಪೂಜೆಯ ಸ್ಥಿರ ಭಾಗಗಳ ವಿಷಯದಲ್ಲಿ ಮಾತ್ರ ವಿಧಿ ಸ್ಪಷ್ಟ. ಮಹಿಮಾಗೀತೆಯ ಮಾತನ್ನಾಗಲಿ ದೇವರ ಕುರಿಮರಿಯ ಮಾತನ್ನಾಗಲಿ ತೆಗೆದು ಬೇರೆ ಹಾಡನ್ನು ಇಡುವಂತಿಲ್ಲ. ಆದುದರಿಂದ ಸ್ಪೇನಿನ ಯುವಕರಂತೆ ಪರಲೋಕ ಮಂತ್ರವನ್ನು ಧಾಟಿಗೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಿ ಹಾಡುವ ಪ್ರಶ್ನೆ ನಮ್ಮಲ್ಲಿ ಏಳುವುದಿಲ್ಲ.

ಇನ್ನು ಕನ್ನಡದ್ದೇ ಆದ ಒಂದು ತೊಡಕಿದೆ. ಹಾಡು ಕಟ್ಟುವ ಯುವಕರು ಇದನ್ನು ಕಿವಿಗೊಟ್ಟು ಕೇಳಬೇಕು. ಇಂಗ್ಲಿಷಿನ ಹಾಡು ಒತ್ತಿನ ಮೇಲೆ ನಡೆಯುತ್ತದೆ. ಕನ್ನಡದ ಮಾತು ಗುರು ಲಘುಗಳ ಮೇಲೆ ನಡೆಯುತ್ತದೆ. ಎರವಲು ಧಾಟಿ ಉದ್ದ ಸ್ವರ ಕೇಳಿದ ಕಡೆ ನಮ್ಮಲ್ಲಿ ಗಿಡ್ಡ ಅಕ್ಷರ ಬಿದ್ದರೆ ಅರ್ಥವೇ ಕೆಡುತ್ತದೆ. ‘ಪ್ರಭು’ ಎಂಬುದು ಎರಡು ಲಘು. ಅದನ್ನು ‘ಪ್ರಾಭೂ’ ಎಂದು ಎಳೆಯುವುದನ್ನು ಎಲ್ಲ ದೇವಾಲಯಗಳಲ್ಲಿಯೂ ಕೇಳುತ್ತೇವೆ. ನಮ್ಮದೇ ಒಂದು ಹಾಡಿನಲ್ಲಿ ಪ್ರಭುವಿನ ‘ಕರ’ವನ್ನು ಹಿಡಿಯುವ ಮಾತು ಬರುತ್ತದೆ. ಧಾಟಿಯ ಒತ್ತಾಯದಿಂದ ಅದು ‘ಕಾರ’ವಾಗಿ, ಧರ್ಮೋಪದೇಶದ ಮಕ್ಕಳು ‘ಮೆಣಸಿನಕಾಯಿ ಹಾಡು’ ಎಂದು ಹೆಸರಿಟ್ಟರು. ನಾವು ಮಕ್ಕಳನ್ನು ಗದರಿಸಿದೆವು, ತಪ್ಪು ಮಕ್ಕಳದಾಗಿರಲಿಲ್ಲ. ಷಟ್ಪದಿಗೆ ಈ ಕಷ್ಟವಿಲ್ಲ. ಭಾಮಿನಿಯ ಪದ್ಯವನ್ನು ಗಮಕಿಗಳು ಬೇಕಾದ ರಾಗದಲ್ಲಿ, ಮಾತಿಗೆ ನೋವಾಗದಂತೆ, ಹಾಡುತ್ತಾರೆ. ‘ಕುಮಾರವ್ಯಾಸ ಭಾರತ’ವನ್ನು ಕೇಳಿ ಬೆಳ

ೆದ ಈ ನಾಡಿನಲ್ಲಿ ಆ ದಾರಿ ನಮಗೆ ಏಕೆ ಹೊಳೆಯಲಿಲ್ಲವೋ!

ಇನ್ನೂ ಒಂದು ಸೂಕ್ಷ್ಮ. ನಮ್ಮ ಪ್ರಾರ್ಥನೆಗಳಲ್ಲಿ ದೇವರನ್ನು ‘ನೀವು’ ಎಂದು ಗೌರವದಿಂದ ಕರೆಯುತ್ತೇವೆ. ಚಿತ್ರಗೀತೆಯ ನಾಯಕ ನಾಯಕಿಯನ್ನು ‘ನೀನು’ ಎನ್ನುತ್ತಾನೆ. ‘ನಿನ್ನ’ ಎಂಬಲ್ಲಿ ‘ನಿಮ್ಮ’ ಎಂದು ಹಾಕಿದರೆ ಮಾತ್ರೆ ಒಂದಿಷ್ಟೂ ತಪ್ಪುವುದಿಲ್ಲ. ಆದುದರಿಂದಲೇ ಈ ಕೆಲಸ ಬಹಳ ಸುಲಭವೆಂದು ತೋರುತ್ತದೆ. ಒಂದು ಅಕ್ಷರ ತಿದ್ದಿದ ಕೂಡಲೇ ಪ್ರಣಯವು ಪ್ರಾರ್ಥನೆಯಾಗುವುದಿಲ್ಲ. ಕಣ್ಣು, ತುಟಿ, ಬೆಳದಿಂಗಳು ಹಾಗೆಯೇ ಉಳಿದು ‘ನಿಮ್ಮ’ ಮಾತ್ರ ಬದಲಾದ ಹಾಡುಗಳು ನಮ್ಮ ಪುಸ್ತಕದಲ್ಲಿ ಎರಡಿವೆ. ಅವನ್ನು ಅಚ್ಚಿಗೆ ಕಳುಹಿಸುವುದಿಲ್ಲ. ಅವುಗಳಲ್ಲಿ ಒಂದು ನಮ್ಮದೇ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇವೆ, ಸಮಿತಿಯವರು ಕೇಳಿದ್ದಾರೆ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಪ್ರಕರಣದ ಪ್ರಕಾರ, ಪ್ರಾಮಾಣಿಕವಾದ ಧಾರ್ಮಿಕ ವಿಧಿಯ ಸಂದರ್ಭದಲ್ಲಿ ಹಾಡುವುದು ಕೃತಿಸ್ವಾಮ್ಯದ ಉಲ್ಲಂಘನೆಯಾಗುವುದಿಲ್ಲ. ಆದರೆ ಇನ್ನೊಬ್ಬರ ಸ್ವರವನ್ನು ಧ್ವನಿಮುದ್ರಿಸಿ ಮಾರುವುದು, ಸ್ವರಲಿಪಿ ಸಹಿತ ಅಚ್ಚು ಹಾಕಿಸುವುದು ಬೇರೆ ಮಾತು. ಅದಕ್ಕೆ ಒಡೆಯರ ಅನುಮತಿ ಬೇಕು. ಸಂಗೀತ ನಿರ್ದೇಶಕನು ತೀರಿಕೊಂಡ ಮೇಲೂ 60 ವರ್ಷ ಆ ಹಕ್ಕು ಇರುತ್ತದೆ. ‘ನಾವೇನು ಲಾಭಕ್ಕೆ ಮಾಡುತ್ತೇವೆಯೇ’ ಎಂದು ಕೆಲವರು ಕೇಳಿದರು. ಜಾರ್ಜ್ ಹ್ಯಾರಿಸನ್ ಎಂಬ ದೊಡ್ಡ ಗಾಯಕ 1970ರಲ್ಲಿ ದೇವರನ್ನು ಕುರಿತೇ ಒಂದು ಹಾಡು ಮಾಡಿದ. ಅದರ ಸ್ವರವು 1963ರ ಇನ್ನೊಂದು ಹಾಡಿನದೆಂದು ಮೊಕದ್ದಮೆ ನಡೆದು, ಅರಿವಿಲ್ಲದೆಯೇ ನಕಲು ಮಾಡಿದ್ದಾನೆಂದು 1976ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ದೇವರ ಹಾಡಾದರೂ ರಿಯಾಯಿತಿ ಸಿಗಲಿಲ್ಲ. ನಮ್ಮ ವಿಷಯದಲ್ಲಿ ಕಾಯಿದೆಗಿಂತ ಏಳನೆಯ ಕಟ್ಟಳೆ ಹತ್ತಿರದ್ದು. ಒಬ್ಬ ಸಂಗೀತಗಾರನು ದುಡಿದು ಕಟ್ಟಿದ ಸ್ವರವನ್ನು ಅವನ ಹೆಸರನ್ನೂ ಹೇಳದೆ ತೆಗೆದುಕೊಂಡಿದ್ದೇವೆ. ಆ ‘ಧಾಟಿ’ ಎಂಬ ಸಾಲನ್ನು ಅಳಿಸಿಬಿಟ್ಟರೆ ಸಾಲವನ್ನು ಮರೆಮಾಚಿದಂತಾಗುವುದಿಲ್ಲವೇ?

ಆದುದರಿಂದ ಗುರುಗಳ ಒಪ್ಪಿಗೆ ಪಡೆದು ನಾವು ಮಾಡಿದ್ದು ಇಷ್ಟು. ಬಲಿಪೂಜೆಯ ಹಾಡುಗಳ ಭಾಗಕ್ಕೆ ಚಿತ್ರಗೀತೆಯ ಧಾಟಿಯವು ಬೇಡ. ಕ್ರಿಸ್ತಜಯಂತಿಯ ಮನೆಮನೆ ಹಾಡು, ಯುವಜನರ ಕೂಟ, ಯಾತ್ರೆಯ ಬಸ್ಸು, ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ನಡೆದುಹೋಗುವ ದಾರಿ, ಇವುಗಳಿಗಾಗಿ ಕಡೆಯಲ್ಲಿ ಬೇರೆ ಭಾಗವಿದೆ. ಅಲ್ಲಿ ಧಾಟಿಯ ಹೆಸರನ್ನೂ ತಿಳಿದಿರುವಲ್ಲಿ ಸಂಗೀತ ನಿರ್ದೇಶಕರ ಹೆಸರನ್ನೂ ಮುಚ್ಚುಮರೆಯಿಲ್ಲದೆ ಕೊಡುತ್ತೇವೆ, ಸ್ವರಲಿಪಿ ಕೊಡುವುದಿಲ್ಲ. 137ನೆಯ ಕೀರ್ತನೆ ಅಲ್ಲಿದೆ. ಅದನ್ನು ಬಿಡಲು ನಮಗೆ ಮನಸ್ಸು ಬರಲಿಲ್ಲ. ಹಿರಿಯರು ಕ್ಷಮಿಸಬೇಕು.

ಆ ತಾಯಿಯ ಹಾಡು ಉಳಿಯಿತು. ಅದರ ಮಾತನ್ನು ಪೂಜೆಯ ಭಾಗದಲ್ಲಿಯೇ ಇಟ್ಟಿದ್ದೇವೆ, ಧಾಟಿಯನ್ನು ಬಿಟ್ಟಿದ್ದೇವೆ. ತಬಲ ಬಿಟ್ಟು ಹೋಗಿದ್ದ ಹುಡುಗನೇ ಅದಕ್ಕೆ ಸೋಬಾನೆಯ ನಡೆಯಲ್ಲಿ ಹೊಸ ಸ್ವರ ಕಟ್ಟಿದ್ದಾನೆ. ತನ್ನ ಅಜ್ಜಿಯಿಂದ ಕಲಿತ ನಡೆಯಂತೆ. ಮೊದಲ ಸಲ ಹಾಡಿಸಿದಾಗ ಅರ್ಧ ಜನ ಹಳೆಯ ಧಾಟಿಗೇ ಜಾರಿದರು, ನಾವೂ ಜಾರಿದೆವು. ಎರಡನೆಯ ಚರಣದ ಮೂರನೆಯ ಸಾಲಿನಲ್ಲಿ ಇನ್ನೂ ಎಡವುತ್ತೇವೆ. ಶತಮಾನೋತ್ಸವದ ಪೂಜೆಗೆ ಮುಂಚೆ ನಾಲ್ಕು ಶನಿವಾರಗಳು ಉಳಿದಿವೆ. ಸಂಜೆ ಆರಕ್ಕೆ ದೇವಾಲಯದಲ್ಲಿಯೇ ಅಭ್ಯಾಸ. ಹಳೆಯ ಧಾಟಿಯನ್ನು ಬಲ್ಲ ಹಿರಿಯರು ಅಗತ್ಯವಾಗಿ ಬರಬೇಕು. ಬಿಡಬೇಕಾದವರು ಅವರೂ ನಾವೂ ತಾನೆ.